ಹುಳುಮನೆಯ ಪಕ್ಕದ ಅಂಬಾಸಿಡರ್

ಚಿಂತಾಮಣಿಯಲ್ಲಿ ಗಾಡಿಗಳ ತಗಡು ಕೆಲಸ ಮಾಡುವ ವೆಂಕಟರವಣಪ್ಪನಿಗೆ ಅನುಮಾನವೇ ಅರ್ಧ ಬಂಡವಾಳ. ಸಂತೆಯಲ್ಲಿ ಬದನೆಕಾಯಿ ಹೊಳೆಯುತ್ತಿದ್ದರೆ ಎಣ್ಣೆ ಒರೆಸಿದ್ದಾರೆ ಎನ್ನುವ ಆಸಾಮಿ. ಮೊದಲಿನಿಂದ ಹೀಗಿರಲಿಲ್ಲ, ಪಾಪ. ಒಮ್ಮೆ ಯಾರದೋ ಸಿಹಿಮಾತು ನಂಬಿ ಹಳೇ ಜೀಪೊಂದನ್ನು ಮದುಮಗನಂತೆ ಸಿಂಗರಿಸಿದ್ದ. ಅದು ಕದ್ದ ಜೀಪು. ಪೊಲೀಸರು ಅವನನ್ನು ಠಾಣೆಗೆ ನಡೆಸಿಕೊಂಡು ಹೋದದ್ದನ್ನು ಬೀದಿಯೆಲ್ಲ ನೋಡಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಅಂದಿನಿಂದ ಅವನ ಬಾಯಲ್ಲಿ ಕೂತುಬಿಟ್ಟಿತು. ಇನ್ನೊಮ್ಮೆ ಅಂಥದ್ದಾದರೆ ಅಂಗಡಿ ಮುಚ್ಚುವುದೇ ಸರಿ ಎಂದುಕೊಂಡಿದ್ದ.

ಹಾಗಾಗಿ ಸಾದಲಿಯ ಅಶ್ವತ್ಥಮ್ಮ, ತೀರಿಕೊಂಡ ಗಂಡ ಮುದ್ದಪ್ಪನ ಅಂಬಾಸಿಡರನ್ನು ಮೊದಲಿನಂತೆ ಮಾಡಿಕೊಡಬೇಕೆಂದು ಹೇಳಿಕಳಿಸಿದಾಗ, ಆಗುವುದಿಲ್ಲ ಎನ್ನಲೆಂದೇ ಹೊರಟ. ಮುದ್ದಪ್ಪ ಆ ಕಾರನ್ನು ಮುರುಗಮಲ್ಲದ ದರ್ಗಾಕ್ಕೆ ಬಾಡಿಗೆಗೆ ಓಡಿಸುತ್ತಿದ್ದವನು. ಅವನು ಹೋದಾಗಿನಿಂದ ಅದು ರೇಷ್ಮೆ ಹುಳುಮನೆಯ ಪಕ್ಕ, ಶೀಟಿನ ಚಪ್ಪರದ ಕೆಳಗೆ ನಿಂತಿತ್ತು. ಇಷ್ಟು ವರ್ಷ ಇಲ್ಲದ ಅಕ್ಕರೆ ಈಗ್ಯಾಕೆ? ಕೊಳ್ಳುವವನು ಯಾರೋ ಸಿಕ್ಕಿರಬೇಕು. ಕೇಳಿದ್ದಕ್ಕೆ ಅವಳು ವಿದುರಾಶ್ವತ್ಥಕ್ಕೆ ಹೋಗಬೇಕು ಎಂದಳು. ಬಸ್ಸಿಲ್ಲವೇ ಎಂದ.

"ಮುಂದಿನ ಸೀಟು ಬಾಡಿಗೆಯವರದ್ದು ಅಂತ ಅವರು ನನ್ನ ಒಂದಿನಾನೂ ಅಲ್ಲಿ ಕೂರಿಸ್ಲಿಲ್ಲ ಕಣಪ್ಪಾ. ಒಂದ್ಸಲ ಕೂತು ಹೋಗ್ಬೇಕು."

ಇದನ್ನೂ ಅವನು ನಂಬಲಿಲ್ಲ. ಇಂಥ ಕಥೆಗೇ ಜನ ಕರಗುವುದು ಎಂದುಕೊಂಡು ಜೇಬಿನಿಂದ ಅಯಸ್ಕಾಂತ ತೆಗೆದ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ಬಾಗಿಲು, ಬಾನೆಟ್ಟು, ಡಿಕ್ಕಿ, ಎಲ್ಲ ಕಡೆ ಗಟ್ಟಿಯಾಗಿ ಹಿಡಿಯಿತು. ಎಲ್ಲವೂ ನೆಟ್ಟಗಿದೆ ಎಂದ ಮೇಲೆ ಅವನ ಅನುಮಾನ ಇನ್ನೂ ಹೆಚ್ಚಿತು. ಒಳಗೆ ಬಗ್ಗಿ ಕಾಲಿಡುವ ಜಾಗದ ಮ್ಯಾಟು ಎತ್ತಿದ. ಕೆಳಗೆಲ್ಲ ಬಿಳೀ ಪುಡಿ. ಬೆರಳಿಂದ ಒತ್ತಿದರೆ ತಗಡು ಒಣಗಿದ ಹಪ್ಪಳದಂತೆ ಪುಡಿಯಾಗಿ ನೆಲ ಕಂಡಿತು.

ಸಿಕ್ಕಿತಲ್ಲ ಕಳ್ಳಾಟ ಎಂದುಕೊಂಡ. ಯಾರೋ ಬೇಕೆಂದೇ ಕಾರನ್ನು ಕೊಂದಿದ್ದಾರೆ. ಹಿಪ್ಪುನೇರಳೆ ಸೊಪ್ಪು ಹಾಕಲು ಜಾಗ ಬೇಕು, ಇದನ್ನು ಗುಜರಿಗೆ ಹಾಕೋಣ ಎಂದು ಬಂದಾಗಿನಿಂದ ಪಕ್ಕದಲ್ಲೇ ನಿಂತು ಹೇಳುತ್ತಿದ್ದ ಅಶ್ವತ್ಥಮ್ಮನ ಮಗ ಮಧುಕುಮಾರನ ಮೇಲೇ ಅವನ ಕಣ್ಣು ಹೋಯಿತು. ಈ ಪುಡಿ ಹಾಕಿದ್ದು ಯಾರು ಎಂದು ಗದರಿಸುವ ಹಾಗೆಯೇ ಕೇಳಿದ.

"ನಾನೇ," ಎಂದಳು ಅಶ್ವತ್ಥಮ್ಮ. "ಒಂದೊಂದು ಬೆಳೆ ಎತ್ತಿದಾಗ್ಲೂ ಹುಳುಮನೆಗೆ ಬ್ಲೀಚಿಂಗ್ ಪುಡಿ ಹಾಕ್ತೀವಲ್ಲ, ಇದಕ್ಕೂ ಒಂದು ಬೊಗಸೆ ಹಾಕ್ತಿದ್ದೆ. ಅವರ ಗಾಡಿಗೆ ರೋಗ ಬರಬಾರ್ದು ಅಂತ."

ಅವಳ ಮುಖದಲ್ಲಿ ಮಗುವನ್ನು ಸಾಕಿ ಬೆಳೆಸಿದ ಹೆಮ್ಮೆಯಿತ್ತು. ವೆಂಕಟರವಣಪ್ಪ ಬೆರಳಿಗಂಟಿದ್ದ ಪುಡಿಯನ್ನು ಹೆಗಲ ಟವಲಿಗೆ ಒರೆಸಿಕೊಂಡ. ಇಲ್ಲಿ ಕಳ್ಳರು ಯಾರೂ ಇರಲಿಲ್ಲ. ಹುಳವನ್ನು ಉಳಿಸುವ ಪುಡಿಯೇ ತಗಡನ್ನು ತಿಂದಿತ್ತು, ತಿನ್ನಿಸಿದ್ದು ಅವಳ ಕೈ. ಆಗುವುದಿಲ್ಲ ಎಂದು ಎದ್ದುಬಿಟ್ಟರೆ ಯಾಕೆಂದು ಹೇಳಬೇಕಾಗುತ್ತದೆ.

ಅವಳೂ ಬಗ್ಗಿ ತೂತನ್ನು ನೋಡಿದಳು. "ಏನಪ್ಪಾ ತಿಂದಿದ್ದು ಇದನ್ನ?"

"ವಯಸ್ಸಾಯ್ತಲ್ಲಕ್ಕಾ. ತಗಡಿಗೂ ವಯಸ್ಸಾಗುತ್ತೆ. ಹೊಸಾ ತಳ ಹಾಕ್ತೀನಿ ಬಿಡು."

ಅವನು ಗಿರಾಕಿಗಳನ್ನು ನೋಡುವ ಹಾಗೆಯೇ ಅವಳು ಅವನನ್ನು ದಿಟ್ಟಿಸಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಕಾರಿನ ಚಕ್ರ ನೋಡುತ್ತ ನಿಂತ.

ಮರುದಿನ ಕಾರನ್ನು ಲಾರಿಗೆ ಏರಿಸುವಾಗ ಅವಳು ಬೊಗಸೆ ತುಂಬ ಬಿಳೀ ಪುಡಿ ಹಿಡಿದು ಬಂದಳು. ಊರು ಬಿಟ್ಟು ಹೋಗ್ತಿದೆ, ಹಾಕಿಬಿಡ್ತೀನಿ ಎಂದಳು. ವೆಂಕಟರವಣಪ್ಪ ಹೆಗಲ ಟವಲನ್ನು ಅಗಲವಾಗಿ ಹಿಡಿದ.

"ಇದರೊಳಗೆ ಹಾಕಕ್ಕಾ. ಅಲ್ಲಿ ಹೋಗಿ ನಾನೇ ಕಾರಿಗೆ ಹಾಕ್ತೀನಿ."

ಚಿಂತಾಮಣಿ ಮುಟ್ಟುವವರೆಗೂ ಲಾರಿಯಲ್ಲಿ ಕಾರಿನ ಪಕ್ಕದಲ್ಲೇ, ಆ ಗಂಟನ್ನು ಅವನು ತೊಡೆಯ ಮೇಲೆ ಹಿಡಿದು ಕೂತಿದ್ದ. ಒಂದು ಚಿಟಿಕೆಯನ್ನೂ ಕಾರಿನ ಮೇಲೆ ಬೀಳಗೊಡಲಿಲ್ಲ.