ನಮ್ಮ ಭಾವನ ಧೈರ್ಯ

ಬ್ಯಾಂಕಿನಲ್ಲಿ ಮುಖ್ಯ ಅಕೌಂಟೆಂಟ್ ಆಗಿರುವ ನಮ್ಮ ಭಾವ, ಮೋಡದ ಸುಳಿವಿಲ್ಲದ ದಿನವೂ ಕೊಡೆ ಹಿಡಿದೇ ಹೊರಡುವ ಆಸಾಮಿ. ಬೀದಿಯ ತುದಿ ಮುಟ್ಟಿದ ಮೇಲೂ ಬೀಗ ಜಗ್ಗಿ ನೋಡಲು ಮನೆಗೆ ವಾಪಸ್ಸು ಬರುತ್ತಾರೆ. ಇಂಥವರು ಈ ವರ್ಷ, ವಸೂಲಾಗುವುದೇ ಅನುಮಾನವಾದ ಸಾಲಗಳಿಗೆಂದು ಲಾಭದಲ್ಲಿ ಬಿಡಿಗಾಸೂ ತೆಗೆದಿಡದೆ ಲೆಕ್ಕಪತ್ರಕ್ಕೆ ಸಹಿ ಹಾಕಿ ಬಂದರು.

ಅಕ್ಕ ಲೋಟ ಕುಕ್ಕಿದಳು. "ಅಲ್ರೀ, ಹಾಲು ಒಡೆದೀತು ಅಂತ ಎರಡು ಪಾತ್ರೇಲಿ ಕಾಯ್ಸೋರು ನೀವು! ಒಂದಿಷ್ಟು ತೆಗೆದಿಡೋಣ ಅಂತ ಅಲ್ಲಿ ಬಾಯಿ ಬಿಡೋಕೆ ಏನಾಗಿತ್ತು?"

ಭಾವ ಬಾಗಿಲು ಮುಚ್ಚಿದೆಯೇ ಎಂದು ನೋಡಿ ದನಿ ತಗ್ಗಿಸಿದರು. "ಮೀಟಿಂಗಲ್ಲಿ ಹೇಳೋಣ ಅಂತಿದ್ದೆ ಕಣೇ. ಅಷ್ಟರಲ್ಲಿ ಮ್ಯಾನೇಜರು, ಹೆಂಗಸರ ಥರ ಪುಕ್ಕಲು ಯಾಕ್ರಯ್ಯಾ, ಗಂಡಸರ ಥರ ಲಾಭ ತೋರ್ಸಿ ಅಂದ್ಬಿಟ್ರು. ಅಷ್ಟು ಜನ ಗಂಡಸರ ಎದುರಿಗೆ ಹೆದರ್ಕೊಳ್ಳೋಕೆ ನಂಗೆ ಹೆದರಿಕೆ ಆಯ್ತು."