ಔಷಧಿ ತಾತನ ಬೀಗರು

ಔಷಧಿ ತಾತನ ಕೈತೋಟದಲ್ಲಿ ಈಗ ಔಷಧಿಯ ಒಂದು ಹನಿಯೂ ಇಲ್ಲ. ಮೂವತ್ತು ವರ್ಷ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಊರವರ ತೋಟಗಳಿಗೆಲ್ಲ ಕೀಟನಾಶಕ ಹೊಡೆದದ್ದಕ್ಕೆ ಬಂದ ಹೆಸರು ಮಾತ್ರ ಉಳಿದಿದೆ. ಈಗ ಅದೇ ತಾತ, ಕಾಟ ಕೊಡುವ ಕೀಟಗಳನ್ನು ತಿಂದು ಗಿಡ ಕಾಯುವ ಹುಳುಗಳನ್ನು ಬೀಗರಂತೆ ಉಪಚರಿಸುತ್ತಾರೆ. ಕಣಜಗಳಿಗೆ ಕುಡಿಯಲು ತಟ್ಟೆಯಲ್ಲಿ ನೀರು. ಕಾಲೂರಲು ಅದರಲ್ಲಿ ಸಣ್ಣ ಕಲ್ಲುಗಳು. ಬದನೆ ಗಿಡಕ್ಕೆ ಮುತ್ತಿದ ಹೇನನ್ನು ಸೊಸೆ ಒರೆಸಲು ಹೋದರೆ, "ಎಲ್ಲಾ ಒರೆಸ್ಬೇಡಮ್ಮ, ಗುಲಗಂಜಿ ಹುಳು ಬಂದ್ರೆ ಏನ್ ತಿನ್ಬೇಕು?" ಎಂದು ಅಡ್ಡ ನಿಲ್ಲುತ್ತಾರೆ. ಕೊತ್ತಂಬರಿ, ಸಬ್ಬಸಿಗೆ ಎಲ್ಲವೂ ಹುಳುಗಳಿಗಾಗಿ ಹೂಬಿಟ್ಟು ನಿಂತಿವೆ. ಅಡುಗೆಯ ಸೊಪ್ಪನ್ನು ಸೊಸೆ ಅಂಗಡಿಯಿಂದಲೇ ತರಬೇಕು. ಮನೆಗೆ ಯಾರೇ ಬರಲಿ, ಕರೆಂಟ್ ಮೀಟರ್ ನೋಡಲು ಬಂದವನೇ ಆಗಲಿ, ಮೊದಲು ಸಬ್ಬಸಿಗೆ ಹೂವನ್ನು ಬಂದವರ ಮೂಗಿಗೆ ಹಿಡಿದು, "ವಾಸನೆ ಹೇಗಿದೆ?" ಎನ್ನುತ್ತಾರೆ. "ಚೆನ್ನಾಗಿದೆ ತಾತ" ಎಂದರೆ ಬಿಡುವ ಪೈಕಿಯಲ್ಲ. "ಚೆನ್ನಾಗಿದೆ ಅಂದ್ರೆ? ಬಿಡಿಸಿ ಹೇಳಪ್ಪ, ಹುಳು ಬರೋವಷ್ಟು ಇದೆಯಾ?" ಮುದುಕಪ್ಪನ ಜಂಬ ನೋಡು ಎಂದು ಬಂದವರು ನಗುತ್ತಾರೆ. ಮೂವತ್ತು ವರ್ಷದ ಆ ಔಷಧಿ ಮಾವನ ಮೂಗಿನಿಂದ ವಾಸನೆಯನ್ನೇ ಕಿತ್ತುಕೊಂಡು ಹೋಗಿದೆ ಎಂಬುದು ಗೊತ್ತಿರುವುದು ಸೊಸೆಗೆ ಮಾತ್ರ. ಅದಕ್ಕೇ, ಸೊಪ್ಪಿನ ವಿಷಯಕ್ಕೆ ಎಷ್ಟೇ ಗೊಣಗಿದರೂ, ದಿನಾ ಬೆಳಗ್ಗೆ ತೊಳೆಯುವ ಪಾತ್ರೆ ಬಿಟ್ಟು ಬಂದು, ಹೂವಿಗೆ ಮೂಗಿಟ್ಟು, ಯೋಚಿಸಿ ಹೇಳುತ್ತಾಳೆ: "ಒಣಹುಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿದ ಹಾಗಿದೆ, ಮಾವ." ತಾತ ಕಣ್ಣು ಮುಚ್ಚಿ ಕೇಳಿಸಿಕೊಂಡು, ಉಸಿರನ್ನು ಉದ್ದಕ್ಕೆ ಎಳೆದು, "ಹಾಗಾದ್ರೆ ಬರ್ತವೆ ಬಿಡು" ಎನ್ನುತ್ತಾರೆ.