ಅಟೆಂಡರಿಗೆ ಮನೆಯಿಂದ ಕೆಲಸ

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಅಟೆಂಡರ್ ಆಗಿರುವವರನ್ನು ನಾವೆಲ್ಲ ದೌಡಣ್ಣ ಎಂದೇ ಕರೆಯುತ್ತೇವೆ. ಸಾಹೇಬರ ಬೆಲ್ ಪೂರ್ತಿ ಬಡಿಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದ ಮನುಷ್ಯ. ಮೂರು ಮಹಡಿ ಹತ್ತಿ ಇಳಿಯುವಾಗ ಕಂಕುಳಲ್ಲಿ ಸದಾ ಫೈಲು. ಲಿಫ್ಟ್ ಬಂದ ಮೇಲೂ ಮೆಟ್ಟಿಲು ಬಿಡಲಿಲ್ಲ. ಲಿಫ್ಟು ಯೋಚನೆ ಮಾಡಿ ಹೊರಡುತ್ತೆ, ನನಗೆ ಅಷ್ಟು ಪುರುಸೊತ್ತಿಲ್ಲ ಎನ್ನುತ್ತಿದ್ದರು. ಇಂಥವರಿಗೆ ಮನೆಯಿಂದಲೇ ಕೆಲಸ ಮಾಡುವ ಅನುಮತಿ ಸಿಕ್ಕಿತು ಎಂದರೆ ಯಾರಿಗಾದರೂ ನಗು ಬರುತ್ತದೆ. ನಾನು ಮಾತ್ರ ನಗುವ ಹಾಗಿರಲಿಲ್ಲ. ಅದು ನನ್ನ ಕೈಯಿಂದಲೇ ಆದ ಎಡವಟ್ಟು.

ಹೊಸ ಕಾನೂನು ಬಂದ ವರ್ಷ ಅದು. ಮನೆಯಲ್ಲಿ ಕಾಯಿಲೆಯವರಿದ್ದರೆ ನೌಕರರು ಅರ್ಜಿ ಹಾಕಿ ಮನೆಯಿಂದಲೇ ಕೆಲಸ ಮಾಡಬಹುದು, ಐದು ಗಂಟೆಯ ನಂತರ ಕಚೇರಿಯವರು ಅವರಿಗೆ ಫೋನ್ ಕೂಡ ಮಾಡಬಾರದು. ನೌಕರರು ಎಂದರೆ ಯಾರ್ಯಾರು ಎಂದು ಹುಡುಕಿದೆ. ಎಲ್ಲರೂ ಎಂದಿತ್ತು. ಎಲ್ಲರೂ ಎಂದರೆ ಎಲ್ಲರೂನಾ? ಪೈಪು ರಿಪೇರಿ ಮಾಡುವವನು ಮನೆಯಲ್ಲಿ ಕೂತು ಯಾವ ಪೈಪು ರಿಪೇರಿ ಮಾಡಬೇಕು? ಕೇಳಲು ಹೋದರೆ ಸಾಹೇಬರೇ ಮನೆಯಿಂದ ಕೆಲಸದಲ್ಲಿದ್ದರು.

ದೌಡಣ್ಣನೂ ಅರ್ಜಿ ತಂದುಕೊಟ್ಟರು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಒಲೆ ಹಚ್ಚಿಟ್ಟು ಬೀದಿಗೆ ಹೊರಟುಬಿಡುತ್ತಿದ್ದರು. ಎರಡು ಸಲ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಮಕ್ಕಳಿಲ್ಲ, ನೋಡಿಕೊಳ್ಳಲು ಇನ್ನೊಂದು ಜೀವ ಇಲ್ಲ. ಅರ್ಜಿಯಲ್ಲಿ ‘ಮನೆಯಲ್ಲಿ ಮಾಡಬಹುದಾದ ಕೆಲಸ’ ಎಂಬ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು. ಪಾಪ, ಏನಂತ ಬರೆದಾರು?

ಹೆಡ್ ಕ್ಲರ್ಕ್ ಆದ ನಾನು ಎಲ್ಲ ಅರ್ಜಿಗಳನ್ನು ಒಂದು ಪಟ್ಟಿ ಮಾಡಿದೆ. ದೌಡಣ್ಣನ ಮೇಲಿನ ಸಾಲು ಟೈಪಿಸ್ಟಳದ್ದು, ಅವಳ ಕೆಲಸ ‘ಪತ್ರಗಳ ಪರಿಶೀಲನೆ’. ಪಟ್ಟಿಯಲ್ಲಿ ಖಾಲಿ ಜಾಗ ಕಂಡರೆ ಇಪ್ಪತ್ತು ವರ್ಷ ಸವೆದ ನನ್ನ ಕೈ ತಾನಾಗಿಯೇ ‘ಮೇಲಿನಂತೆ’ ಎಂದು ಬರೆದುಬಿಡುತ್ತದೆ. ಬರೆದುಬಿಟ್ಟಿತು. ಸಾಹೇಬರು ಓದಿದರೋ, ಬರೀ ಸಹಿ ಗೀಚಿದರೋ, ದೇವರೇ ಬಲ್ಲ. ಮಾರನೆಯ ದಿನ ಆದೇಶ ಬಂತು: ದೌಡಣ್ಣನಿಗೆ ಮನೆಯಲ್ಲಿ ಪತ್ರಗಳ ಪರಿಶೀಲನೆ.

ಆಮೇಲೆ ದಿನಾ ಐದಕ್ಕೆ ಐದು ನಿಮಿಷ ಇರುವಾಗ ಅವರ ಫೋನು. ಐದಾದ ಮೇಲೆ ಮಾತಾಡುವುದು ಕಾನೂನಿಗೆ ವಿರುದ್ಧ ಎಂಬ ಭಯ.

“ಮೇಡಂ, ಇವತ್ತೂ ಯಾವ ಪತ್ರಾನೂ ಬರ್ಲಿಲ್ಲ. ನಾನೀಗ ಕೆಲಸದಲ್ಲಿದ್ದೀನಾ, ರಜದಲ್ಲಿದ್ದೀನಾ?”

ನನಗೇ ತಲೆಬುಡ ತಿಳಿಯದ್ದನ್ನು ಅವರಿಗೇನು ಹೇಳಲಿ? ಇರಲಿ ಬಿಡಿ ದೌಡಣ್ಣ, ಕಳಿಸ್ತೀವಿ ಎಂದು ಹಾರಿಕೆಯ ಉತ್ತರ ಕೊಡುತ್ತಿದ್ದೆ. ತಪ್ಪಾಗಿದೆ ಎಂದರೆ ಅವರ ಅನುಮತಿ ಹೋಗುತ್ತದೆ, ನನ್ನ ಮಾನವೂ ಹೋಗುತ್ತದೆ. ಯಾವುದಕ್ಕೆ ಹೆಚ್ಚು ಹೆದರಿದ್ದೆನೋ ಈಗಲೂ ಗೊತ್ತಿಲ್ಲ.

ಮೂರು ತಿಂಗಳಿಗೆ ಇನ್ನೊಂದು ಸುತ್ತೋಲೆ ಬಂತು. ಮನೆಯಿಂದ ಕೆಲಸ ಮಾಡುವವರ ಮನೆಗೇ ಹೋಗಿ ನೋಡಬೇಕು, ಕೆಲಸವಿಲ್ಲದವರನ್ನು ಮರುದಿನವೇ ಕಚೇರಿಗೆ ವಾಪಸ್ ಕರೆಸಬೇಕು. ನೋಡಿಬರುವ ಕೆಲಸ ನನ್ನ ಪಾಲಿಗೇ ಬಂತು.

ಮಧ್ಯಾಹ್ನ ನಾಲ್ಕಕ್ಕೆ ಹೋದೆ. ಓಣಿಯ ಕೊನೆಯಲ್ಲಿ ಎರಡು ಕೋಣೆಯ ಮನೆ. ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ, ಜೇಬಿನ ಮೇಲೆ ಬಿಲ್ಲೆ ಸಿಕ್ಕಿಸಿಕೊಂಡು ದೌಡಣ್ಣ ಬಾಗಿಲು ತೆರೆದರು. ಬನ್ನಿ ಮೇಡಂ, ಅಮ್ಮಾವ್ರು ಒಳಗಿದ್ದಾರೆ ಎಂದರು. ಯಾವ ಅಮ್ಮಾವ್ರು? ನನಗಿಂತ ಮೊದಲೇ ಬೇರೆ ಯಾರೋ ಅಧಿಕಾರಿ ಬಂದು ಕೂತಿದ್ದಾರೆಂದು ಸೆರಗು ಸರಿಮಾಡಿಕೊಂಡೆ. ಒಳಗಿದ್ದದ್ದು ಅವರ ಹೆಂಡತಿ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಗುಂಡಿಗಳನ್ನು ದೊಡ್ಡವು ಚಿಕ್ಕವು ಎಂದು ಬೇರೆ ಮಾಡುತ್ತಿದ್ದರು. ಹಿಂದೆ ಬಟ್ಟೆ ಹೊಲಿಯುತ್ತಿದ್ದವರು. ನನ್ನನ್ನು ಕಂಡು, ಇವರಿಗೆ ನೀರು ಕೊಡಪ್ಪ ಎಂದು ಗಂಡನಿಗೇ ಹೇಳಿದರು. ದೌಡಣ್ಣ ಓಡಿದರು.

ನಾನೂ ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಕೆಲಸದ ಹೊತ್ತಲ್ಲವೇ ಎಂದು ಮೊದಲ ದಿನ ಯೂನಿಫಾರ್ಮ್ ಹಾಕಿಕೊಂಡರಂತೆ. ಹೆಂಡತಿ ಗುರುತು ಹಿಡಿಯಲಿಲ್ಲ. ಯಾರೋ ಆಫೀಸಿನವನೆಂದುಕೊಂಡರು. ಆದರೆ ಗಂಡ ಕೊಟ್ಟರೆ ಉಗಿಯುತ್ತಿದ್ದ ಮಾತ್ರೆಯನ್ನು ಅಟೆಂಡರ್ ಕೊಟ್ಟರೆ ಮರ್ಯಾದೆಯಿಂದ ನುಂಗಿದರು. ಬಾಗಿಲಲ್ಲಿ ಅಟೆಂಡರ್ ನಿಂತಿದ್ದರೆ ಬೀದಿಗೂ ಹೋಗುವುದಿಲ್ಲ. ದೌಡಣ್ಣ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಟಪಾಲು ಪುಸ್ತಕದ ಹಾಗೆ ಮಾಡಿದ್ದರು. ತಾರೀಖು, ಮಾತ್ರೆ, ಪಕ್ಕದಲ್ಲಿ ಆಕೆಯ ಸಹಿ. ಮೂರು ತಿಂಗಳಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ.

ನಿಮಗೆ ಬೇಜಾರಾಗಲ್ವಾ ಎಂದು ಕೇಳಿದೆ. ಕೇಳಬಾರದಿತ್ತು.

“ಐದರ ತನಕ ಅಟೆಂಡರು, ಆಮೇಲೆ ಗಂಡ. ಮೊದಲೂ ಹಾಗೇ ಇತ್ತಲ್ಲ ಮೇಡಂ,” ಎಂದರು.

ಅಡುಗೆಮನೆಯಿಂದ ಹೊರಗೆ ಬಂದು, ಆಕೆಯ ಪಕ್ಕ ಕೂತು, ಸುತ್ತೋಲೆಯ ಜೊತೆ ಬಂದಿದ್ದ ಫಾರಂ ತೆಗೆದೆ. ಆರನೆಯ ಕಲಂ: ಭೇಟಿಯ ವೇಳೆ ನೌಕರರು ಏನು ಮಾಡುತ್ತಿದ್ದರು? ‘ಸ್ಥಳದಲ್ಲಿ ಹಾಜರಿದ್ದರು’ ಎಂದು ಬರೆದೆ. ಏಳನೆಯದು: ಅವರು ಮನೆಯಲ್ಲಿ ಮಾಡುತ್ತಿರುವ ಕೆಲಸ. ಅಲ್ಲಿ ಪೆನ್ನು ನಿಂತಿತು. ಇದು ಕೆಲಸವಾ? ಕೆಲಸವಲ್ಲದಿದ್ದರೆ ಮತ್ತೇನು? ಕಚೇರಿಗೆ ಇದರಿಂದ ಏನೂ ಆಗಬೇಕಿಲ್ಲ ಎಂಬುದಂತೂ ನಿಜ. ಇಲ್ಲ ಎಂದು ಬರೆದರೆ ನಾಳೆಯಿಂದ ಈಕೆ, ಒಲೆ, ಬೀದಿ. ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ಆಕೆ ನನ್ನ ಕೈ ಹಿಡಿದರು. “ನೀವು ಆಫೀಸಿನವರಲ್ವಾ? ಈ ಅಟೆಂಡರಪ್ಪ ತುಂಬಾ ಒಳ್ಳೆಯವನು, ಒಂದು ಮಾತಿಲ್ಲ. ಆದ್ರೆ ನಮ್ಮ ಮನೆಯವರನ್ನ ನೀವು ಬೇಗ ಬಿಡಲ್ಲ. ದಿನಾ ಕಾದು ಕಾದು ಸಾಕಾಗುತ್ತೆ. ಸ್ವಲ್ಪ ಹೇಳಿ ನೋಡಿ.”

ಹೇಳ್ತೀನಿ ಅಕ್ಕ ಎಂದೆ.

ಗಡಿಯಾರದಲ್ಲಿ ಐದಾಯಿತು. ದೌಡಣ್ಣ ಹಿತ್ತಿಲ ಬಾಗಿಲಿಂದ ಹೊರಗೆ ಹೋದರು. ಎರಡು ನಿಮಿಷಕ್ಕೆ ಮುಂಬಾಗಿಲು ತಟ್ಟಿದ ಸದ್ದು. ಹಳೆಯ ಚೌಕಳಿ ಅಂಗಿ ಹಾಕಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಬಂದರು. ಆಕೆಯ ಮುಖ ಅರಳಿತು. ನೋಡಿ, ನೀವು ಹೇಳಿದ ಕೂಡಲೇ ಬಿಟ್ಟರು ಎಂದು ನನಗೆ ಹೇಳಿ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಏನೋ ನೆನಪಾದವರಂತೆ ಸುತ್ತ ನೋಡಿದರು.

“ಆ ಅಟೆಂಡರಪ್ಪ ಹೇಳದೇ ಹೋಗ್ಬಿಟ್ಟ. ನಾಳೆ ಬರ್ತಾನಲ್ಲ?”

ದೌಡಣ್ಣ ನನ್ನ ಕೈಯಲ್ಲಿದ್ದ ಫಾರಂ ನೋಡಿದರು.

“ಬರ್ತಾರೆ ಅಕ್ಕ,” ಎಂದೆ.

ಬಾಯಲ್ಲಿ ಹೇಳಿದ ಮೇಲೆ ಬರೆಯಲೇಬೇಕಲ್ಲ. ಏಳನೆಯ ಕಲಂನಲ್ಲಿ, ‘ಸ್ಥಳದಲ್ಲಿ ಹಾಜರಿದ್ದರು’ ಎಂಬುದರ ಕೆಳಗೆ, ‘ಮೇಲಿನಂತೆ’ ಎಂದು ಬರೆದು ಸಹಿ ಹಾಕಿದೆ.